ನೆಲ್ಲಿಕಟ್ಟೆ ಮನೆಯ ಪಾಲು

ನಮ್ಮೂರಿನ ಗಂಡಸರಿಗೆ ಬೇಟೆಯ ಮೇಲೆ ಎಷ್ಟು ಪ್ರೀತಿಯೋ, ಬೇಟೆಯ ಕಟ್ಟಳೆಗಳ ಮೇಲೆ ಅದಕ್ಕಿಂತ ಹೆಚ್ಚು. ಹಂದಿ ಸಿಕ್ಕಲಿ ಬಿಡಲಿ, ಕಟ್ಟಳೆ ತಪ್ಪಬಾರದು. ಗುಂಡು ಹೊಡೆದವನಿಗೆ ತಲೆ ಮತ್ತು ಒಂದು ತೊಡೆ. ಬಿದ್ದ ಹಂದಿಯ ಬಾಲವನ್ನು ಮೊದಲು ಹಿಡಿದವನಿಗೆ ಒಂದು ಪಾಲು. ಕಾಡಿಗೆ ಹೋದ ಪ್ರತಿ ಕೋವಿಗೆ ಒಂದು ಪಾಲು, ಪ್ರತಿ ನಾಯಿಗೆ ಒಂದು ಪಾಲು. ಪಾಲು ಹಾಕಿದ ಮೇಲೆ ಗದ್ದೆಯ ಮೇಲಿನ ಹುಲ್ಲುಗುಡ್ಡ, ಅಂದರೆ ಬಾಣೆಯಲ್ಲಿ ನಿಂತು ಒಂದೊಂದೇ ಮನೆಯ ಹೆಸರನ್ನು ಗಟ್ಟಿಯಾಗಿ ಕೂಗುತ್ತಾರೆ. ಆ ಮನೆಯವರು ‘ಓ’ ಎಂದು ಮುಂದೆ ಬಂದು ಬಾಳೆಲೆಯ ಕಟ್ಟನ್ನು ತೆಗೆದುಕೊಳ್ಳಬೇಕು. ಕೂಗುವ ಕೆಲಸ ನಮ್ಮ ಮನೆಯವರದು. ಗಂಡನ ಹೆಸರನ್ನು ಹೆಂಡತಿ ಹೇಳಬಾರದಂತೆ. ಹೇಳದಿದ್ದರೆ ನಿಮಗೆ ಗೊತ್ತಾಗುವುದಿಲ್ಲವಲ್ಲ, ಒಮ್ಮೆ ಹೇಳಿ ಮುಗಿಸುತ್ತೇನೆ: ದೇರಪ್ಪ.

ನಮ್ಮ ಪಕ್ಕದ್ದೇ ನೆಲ್ಲಿಕಟ್ಟೆ ಮನೆ. ಅಲ್ಲಿಯ ಮೊಣ್ಣಪ್ಪಣ್ಣ ಚಳಿಜ್ವರದಲ್ಲಿ ತೀರಿಕೊಂಡು ಐದು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಅವರ ಹೆಂಡತಿ ತಂಗಮ್ಮಕ್ಕ ಒಬ್ಬಳೇ ಗದ್ದೆ ಮಾಡಿಸಿಕೊಂಡು, ನಾಲ್ಕು ಎಮ್ಮೆ ಕಟ್ಟಿಕೊಂಡು, ಯಾರಿಗೂ ತಲೆಬಾಗದೆ ಇದ್ದಳು. ಪ್ರತಿ ವರ್ಷ ಆಯುಧಪೂಜೆಯ ಹಬ್ಬವಾದ ಕೈಲು ಮುಹೂರ್ತಕ್ಕೆ ಗಂಡನ ಕೋವಿಯನ್ನು ಒರೆಸಿ, ಗಂಧ ಹಚ್ಚಿ, ನಳಿಗೆಗೆ ಕೆಂಡದ ಬಣ್ಣದ ಕೋವಿ ಹೂ ಸಿಕ್ಕಿಸಿ ಪೂಜೆ ಮಾಡುವಳು. ಪೂಜೆ ಮುಗಿದ ಮೇಲೆ ಊರಿನ ಕೋವಿಗಳೆಲ್ಲ ಕಾಡಿಗೆ ಹೋದರೆ, ಆ ಕೋವಿ ಮಾತ್ರ ಮತ್ತೆ ಗೋಡೆಯ ಮೊಳೆಗೆ ಹೋಗುತ್ತಿತ್ತು. ಹಿಡಿಯುವ ಕೈ ಇಲ್ಲದ ಕೋವಿಗೆ ಪಾಲಿಲ್ಲ. ಪಾಲಿಲ್ಲದ ಮನೆಯ ಹೆಸರನ್ನು ಕೂಗುವುದೂ ಇಲ್ಲ.

ಅವಳಿಗೆ ಮಾಂಸದ ಆಸೆಯೆಂದು ಯಾರಾದರೂ ಅಂದುಕೊಂಡರೆ ಅವರಷ್ಟು ದಡ್ಡರಿಲ್ಲ. ನಮ್ಮ ಪಾಲಿನಲ್ಲಿ ನಾನೇ ಪ್ರತಿ ಸಲ ಒಂದು ಬಟ್ಟಲು ಕೊಟ್ಟು ಬರುತ್ತಿದ್ದೆ. ಆದರೆ ಹೆಸರು ಕೂಗುವ ಹೊತ್ತಿಗೆ ಅವಳು ತಪ್ಪದೆ ಬಂದು ಹೆಂಗಸರ ಹಿಂದೆ ನಿಲ್ಲುವಳು. ನಮ್ಮ ಮನೆಯ ಹೆಸರಾದ ಮೇಲೆ ಮೊದಲೆಲ್ಲ ನೆಲ್ಲಿಕಟ್ಟೆಯದು ಬರುತ್ತಿತ್ತು. ಈಗ ನಮ್ಮವರು ಅಲ್ಲಿ ಒಂದು ಉಸಿರು ನಿಲ್ಲಿಸಿ ಮುಂದಿನ ಮನೆಗೆ ಹೋಗುತ್ತಿದ್ದರು. ಆ ಒಂದು ಉಸಿರಿನ ಹೊತ್ತು ತಂಗಮ್ಮಕ್ಕ ತನ್ನ ಕಾಲಿನ ಬೆರಳು ನೋಡುತ್ತಿದ್ದಳು. 

ಆಗ ಕಾಫಿಗಿಡಕ್ಕೆ ಕೊರಕಹುಳು ಬಿದ್ದು ಬಿಳಿ ದೊರೆಗಳು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟುತ್ತಿದ್ದ ಕಾಲ. ಹೊಳೆಯಾಚೆಯ ಎಸ್ಟೇಟಿನ ದೊರೆಯೂ ಹೊರಟ. ಅವನ ಬಂಗಲೆಗೆ ಹಾಲು ಹಾಕುತ್ತಿದ್ದವಳು ತಂಗಮ್ಮಕ್ಕ. ಹೋಗುವ ಮೊದಲು ಅವಳನ್ನು ಕರೆಸಿ, ಇಷ್ಟು ವರ್ಷ ಹಾಲಿಗೆ ನೀರು ಬೆರೆಸದ ನಿನಗೆ ಏನು ಬೇಕು ಎಂದು ಬಟ್ಲರನ ಬಾಯಲ್ಲಿ ಕೇಳಿಸಿದನಂತೆ. ಕಂಬಳಿ ಕೇಳುತ್ತಾಳೆ, ಹೆಚ್ಚೆಂದರೆ ಕುರ್ಚಿ ಕೇಳುತ್ತಾಳೆ ಎಂದುಕೊಂಡಿದ್ದನೋ ಏನೋ.

“ಕೋವಿ ಉಟ್ಟು, ಹಿಡಿಯುವ ಕೈ ಇಲ್ಲೆ. ನಂಗೊಂದು ನಾಯಿ ಕೊಡಿ” ಅಂದಳಂತೆ ಇವಳು.

ಕೋವಿ ಇದ್ದೂ ಸಿಗದ ಪಾಲು ನಾಯಿಯಿಂದ ಸಿಕ್ಕೀತು ಎಂಬ ಈ ಮಾತಿನ ತಲೆಬುಡ ದೊರೆಗೆ ತಿಳಿದಿರಲಾರದು. ಆದರೆ ಅವನ ಹತ್ತಿರ ಎರಡು ತಿಂಗಳ ಒಂದು ಮರಿ ಇತ್ತು. ಕಡಲು ಹೆಪ್ಪುಗಟ್ಟುವ ಯಾವುದೋ ದ್ವೀಪದ, ನ್ಯೂಫೌಂಡ್‌ಲೆಂಡ್ ಅನ್ನುವ ಜಾತಿಯದು. ಅಲ್ಲಿಯ ಮೀನುಗಾರರು ದೋಣಿಯ ಕೆಲಸಕ್ಕೆಂದೇ ಅದನ್ನು ಸಾಕುತ್ತಾರಂತೆ. ಇಡೀ ಕೊಡಗಿನಲ್ಲಿ ಅಂಥದ್ದು ಇನ್ನೊಂದಿಲ್ಲ ಎಂದು ಬಟ್ಲರ್ ಹೇಳಿ ಕಳಿಸಿದ. ಬುಟ್ಟಿಯಲ್ಲಿ ಮುಚ್ಚಿಕೊಂಡು ತಂದ ಅದನ್ನು ನೋಡಿ, ದೊರೆ ನಾಯಿಯೆಂದು ಹೇಳಿ ಕರಡಿಮರಿ ದಾಟಿಸಿದ್ದಾನೆ ಎಂದು ಊರೆಲ್ಲ ನಕ್ಕಿತು. ಕಪ್ಪು ಬಣ್ಣ, ಮೈತುಂಬ ಕೂದಲು, ಸೌಟಿನಷ್ಟು ಅಗಲದ ಪಾದ. ದೊರೆ ಇಟ್ಟ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ತಂಗಮ್ಮಕ್ಕ ಅದಕ್ಕೆ ಗುಂಡ ಎಂದು ಹೆಸರಿಟ್ಟಳು.

ಗುಂಡ ಬೆಳೆದದ್ದನ್ನು ನಾನು ಕಣ್ಣಾರೆ ಕಂಡಿದ್ದರಿಂದ ನಂಬಿದ್ದೇನೆ. ದೀಪಾವಳಿಗೆ ಬುಟ್ಟಿಯಲ್ಲಿದ್ದವನು ಯುಗಾದಿಗೆ ಬಾಗಿಲಿನಲ್ಲಿ ಮಲಗಿದರೆ ಮನುಷ್ಯರು ದಾಟಿ ಹೋಗಬೇಕಾಯಿತು. ಒಂದು ಎಮ್ಮೆಯ ಹಾಲು ಪೂರಾ ಅವನ ಹೊಟ್ಟೆಗೇ ಹೋಗುತ್ತಿತ್ತು. ಗುಣ ಮಾತ್ರ ಹಸುವಿನದು. ಕೋಳಿಗಳು ಅವನ ಬೆನ್ನೇರಿ ಕೂರುತ್ತಿದ್ದವು, ಬೆಕ್ಕು ಅವನ ಅನ್ನ ತಿಂದು ಮುಗಿಸುವವರೆಗೆ ಅವನು ಕಾಯುತ್ತಿದ್ದ. ತಂಗಮ್ಮಕ್ಕ ಬೆಳಿಗ್ಗೆ ಉಳಿದ ಮನೆಗಳಿಗೆ ಹಾಲು ಕೊಡಲು ಹೊರಟರೆ ಒಂದು ತಂಬಿಗೆಯ ಕೊರಳಿಗೆ ಕಟ್ಟಿದ ಹಗ್ಗವನ್ನು ಬಾಯಲ್ಲಿ ಕಚ್ಚಿಕೊಂಡು ಜೊತೆಗೆ ನಡೆಯುವನು, ಒಂದು ತೊಟ್ಟೂ ಚೆಲ್ಲುತ್ತಿರಲಿಲ್ಲ. ಐದು ವರ್ಷ ಒಬ್ಬಳೇ ನಡೆದ ದಾರಿಯಲ್ಲಿ ಅವಳೀಗ ಮಾತಾಡಿಕೊಂಡು ಹೋಗುತ್ತಿದ್ದಳು. ಅದೊಂದಕ್ಕೇ ಆ ದೊರೆಗೆ ಪುಣ್ಯ ಬರಬೇಕು ಎಂದು ನಾನು ಅಂದುಕೊಂಡಿದ್ದೆ.

ಅವನ ಹುಚ್ಚು ಒಂದೇ, ಹೊಳೆ. ಹಾರಂಗಿಯಲ್ಲಿ ಏನಿದ್ದರೂ ಅದನ್ನು ದಡಕ್ಕೆ ತರುವುದು ತನ್ನ ಕರ್ತವ್ಯವೆಂದು ಅವನು ತಿಳಿದಿದ್ದ. ನಾನು ಜಾಲಿಸಲು ಬಿಟ್ಟ ಸೀರೆಯನ್ನು ಎಳೆದು ತಂದು ಮಣ್ಣಿನ ಮೇಲೆ ಹಾಕುವನು. ನೀರಲ್ಲಿ ಸುಖವಾಗಿ ಮಲಗಿದ ಎಮ್ಮೆಕರುವನ್ನು ಬಾಲ ಹಿಡಿದು ಹೊರಗೆಳೆಯುವನು. ಅದು ಅರಚಿಕೊಂಡರೂ ಬಿಡುವವನಲ್ಲ. ತಂಗಮ್ಮಕ್ಕ ‘ಬಿಡು ಗುಂಡ’ ಅಂದರೆ ಮಾತ್ರ ಬಾಯಿ ತೆರೆಯುವನು, ಬೇರೆ ಯಾರು ಗಂಟಲು ಹರಿದುಕೊಂಡರೂ ಇಲ್ಲ. ಒಮ್ಮೆ ಊರಿನ ಹಿರಿಯ ಬೇಟೆಗಾರ ನಾಣಯ್ಯ ಮಾವ ಸೊಂಟದ ಮಟ್ಟದ ನೀರಲ್ಲಿ ನಿಂತು ಗಾಳ ಹಾಕಿದ್ದರು. ಗುಂಡ ಹಿಂದಿನಿಂದ ಹೋಗಿ ಅವರ ಪಂಚೆ ಹಿಡಿದು ಎಳೆದ. ಮಾವ ದಡಕ್ಕೆ ಬಂದರೋ ಪಂಚೆ ಮಾತ್ರ ಬಂದಿತೋ ಅನ್ನುವುದನ್ನು ಹೇಳಿದರೆ ಅವರ ಮನೆಯವರು ಬೇಜಾರು ಮಾಡಿಕೊಂಡಾರು. ಅಂದಿನಿಂದ ಅವರಿಗೆ ಆ ನಾಯಿಯೆಂದರೆ ಆಗದು.

ಆದರೆ ತಂಗಮ್ಮಕ್ಕ ಅವನನ್ನು ಸಾಕಿದ್ದು ಹೊಳೆಗಲ್ಲ, ಬೇಟೆಗೆ. ಹಳೆಯ ಹಂದಿಚರ್ಮವನ್ನು ಹಗ್ಗಕ್ಕೆ ಕಟ್ಟಿ ಬಾಣೆಯ ತುಂಬ ಎಳೆದಾಡಿ ವಾಸನೆ ಹಿಡಿಸಲು ನೋಡಿದಳು. ಅವನು ಚರ್ಮವನ್ನು ಹುಡುಕಿ ತಂದು ಅದರ ಮೇಲೆಯೇ ನಿದ್ದೆ ಮಾಡಿದ. ಪೊದೆಗೆ ನುಗ್ಗಿಸಿದರೆ ಮೈಗೆಲ್ಲ ಮುಳ್ಳು ಅಂಟಿಸಿಕೊಂಡು ಹೊರಗೆ ಬಂದು ಅವಳ ಮುಂದೆ ಕೂರುತ್ತಿದ್ದ. ಅವಳು ಸಂಜೆಯೆಲ್ಲ ಒಂದೊಂದೇ ಮುಳ್ಳು ತೆಗೆಯುವಳು, ಮಾರನೆಯ ದಿನ ಮತ್ತೆ ನುಗ್ಗಿಸುವಳು. ಹಟದಲ್ಲಿ ಇಬ್ಬರೂ ಕಡಿಮೆಯಿಲ್ಲ.

ಕೈಲು ಮುಹೂರ್ತ ಬಂತು. ಪೂಜೆಯ ದಿನ ತಂಗಮ್ಮಕ್ಕ ಗುಂಡನನ್ನು ಕರೆದುಕೊಂಡು ನಮ್ಮ ಅಂಗಳಕ್ಕೇ ಬಂದು, ಈ ಸಲ ನೆಲ್ಲಿಕಟ್ಟೆಯಿಂದ ಒಂದು ನಾಯಿ ಬೇಟೆಗೆ ಬರುತ್ತದೆ ಎಂದು ಹೇಳಿದಳು. ಅಲ್ಲಿಯೇ ಕೂತಿದ್ದ ನಾಣಯ್ಯ ಮಾವ, ಇದು ನಾಯಿಯಲ್ಲ, ಎಮ್ಮೆಯ ಜಾತಿ, ಪೊದೆಗೆ ಹೋಗದ ನಾಯಿಗೆ ಪಾಲು ಕೊಟ್ಟರೆ ನಾಳೆ ಬೆಕ್ಕಿಗೂ ಕೊಡಬೇಕಾಗುತ್ತದೆ ಎಂದರು. ನಮ್ಮವರು ಮೀಸೆ ಸವರಿದರು.

“ಒಂದು ಬೇಟೆ ನೋಡುವ, ಅತ್ತಿಗೆ” ಎಂದರು. “ನಮ್ಮೊಟ್ಟಿಗೆ ಕಾಡಿಗೆ ಹೋಗಿ ನಮ್ಮೊಟ್ಟಿಗೇ ಹೊರಗೆ ಬಂದರೆ ಪಾಲುಟ್ಟು. ಇಲ್ಲದಿದ್ರೆ ಇನ್ನು ಈ ಮಾತು ಬೇಡ.”

ಅವಳು ಒಪ್ಪಿದಳು. ಆ ರಾತ್ರಿ ನಾನು ನಮ್ಮವರ ಜೊತೆ ಜಗಳವಾಡಿದೆ, ಅದು ಬೇರೆ ವಿಷಯ.

ಬೇಟೆಯ ದಿನ ನಾವು ಹೆಂಗಸರು ಕಡುಬಿನ ಬುಟ್ಟಿ ಹೊತ್ತು, ಯಾವಾಗಲೂ ಬಟ್ಟೆ ಒಗೆಯುವ ಮರಳುದಡದಲ್ಲಿ ಕಾದು ಕೂತೆವು. ಮಳೆ ಕಡಿಮೆಯಾಗಿದ್ದರೂ ಹೊಳೆ ಇನ್ನೂ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಗುಂಡ ಗಂಡಸರ ಹಿಂದೆ, ಸಣಕಲು ಊರನಾಯಿಗಳ ನಡುವೆ ಗುಡ್ಡ ಹತ್ತಿ ಹೋದ. ಅವನ ಕೊರಳಿಗೆ ತಂಗಮ್ಮಕ್ಕ ಒಂದು ಕೋವಿ ಹೂ ಕಟ್ಟಿದ್ದಳು. ಅವನು ಕಾಡು ಹೊಕ್ಕ ಮೇಲೂ ಅವಳು ಕೂರಲಿಲ್ಲ.

ಅರ್ಧ ಗಂಟೆಯೂ ಆಗಿರಲಿಲ್ಲ, ಗುಡ್ಡದ ಇಳಿಜಾರಿನಲ್ಲಿ ಕಪ್ಪಗೆ ಏನೋ ಬರುತ್ತಿರುವುದು ಕಂಡಿತು. ನಾಲಿಗೆ ಹೊರಗೆ ಹಾಕಿಕೊಂಡು, ಮೈತುಂಬ ಮುಳ್ಳು ಹೊತ್ತು, ಬಾಲ ಆಡಿಸುತ್ತಾ ಗುಂಡ ಒಬ್ಬನೇ ಬರುತ್ತಿದ್ದ. ಸೀದಾ ಬಂದು ತಂಗಮ್ಮಕ್ಕನ ಮುಂದೆ ಮಲಗಿ ಮುಳ್ಳು ತೆಗೆಯೆಂದು ಪಾದ ಎತ್ತಿದ.

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕೂತು ಮೊದಲನೆಯ ಮುಳ್ಳು ತೆಗೆದಳು, ಎರಡನೆಯದು ತೆಗೆದಳು. ಮೂರನೆಯದನ್ನು ಹುಡುಕುತ್ತಾ, ತಲೆಯೆತ್ತದೆ, “ಆತು ನೀಲಾವತಿ, ಇನ್ನು ಕೇಳುವಂಗಿಲ್ಲೆ” ಎಂದಳು. ನಾನು ಕಡುಬಿನ ಬುಟ್ಟಿಯ ಬಟ್ಟೆಯನ್ನು ಸುಮ್ಮನೆ ಸರಿಮಾಡಿದೆ.

ಅಷ್ಟರಲ್ಲಿ ಮೇಲೆ ಕೂಗಾಟ ಎದ್ದಿತು, ಎರಡು ಗುಂಡಿನ ಸದ್ದಾಯಿತು. ನಮ್ಮಿಂದ ಮೇಲಕ್ಕೆ ಒಂದು ದೊಡ್ಡ ಒಂಟಿಹಂದಿ ಪೊದೆ ಸೀಳಿಕೊಂಡು ಬಂದು ಹೊಳೆಗೆ ಹಾರಿತು. ನಾಣಯ್ಯ ಮಾವನ ಗುಂಡು ಬಿದ್ದಿತ್ತು. ನಡುಹೊಳೆಗೆ ಬರುವಷ್ಟರಲ್ಲಿ ಅದರ ಜೀವ ಹೋಗಿ, ಮೈ ಹೊರಳಿ, ನೀರಿನ ಜೊತೆ ತೇಲತೊಡಗಿತು. ಗಂಡಸರೆಲ್ಲ ದಡಕ್ಕೆ ಓಡಿಬಂದು ನಿಂತರು. ಕೆಳಗಿನ ತಿರುವು ದಾಟಿದರೆ ಬಂಡೆಗಳ ನಡುವೆ ಹಂದಿ ಹೋಯಿತೆಂದೇ ಲೆಕ್ಕ. ಆ ಸೆಳವಿಗೆ ಇಳಿಯುವ ಗಂಡು ಯಾರೂ ಅಲ್ಲಿರಲಿಲ್ಲ. ಇಳಿಯಿರಿ ಎಂದು ನಾನೂ ಹೇಳುತ್ತಿರಲಿಲ್ಲ. ನಾಣಯ್ಯ ಮಾವ ಕೋವಿಯನ್ನು ನೆಲಕ್ಕೆ ಊರಿ, ತಮ್ಮ ತಲೆಯೂ ತೊಡೆಯೂ ತೇಲಿಹೋಗುವುದನ್ನು ನೋಡುತ್ತಾ ನಿಂತಿದ್ದರು.

ಗುಂಡ ಎದ್ದ. ಯಾರೂ ಕರೆಯಲಿಲ್ಲ, ಯಾರೂ ಕಳಿಸಲಿಲ್ಲ. ಹೊಳೆಯಲ್ಲಿ ಏನೋ ಇದೆ, ಅದು ದಡದಲ್ಲಿ ಇರಬೇಕಾದದ್ದು, ಅವನಿಗೆ ಅಷ್ಟೇ ಸಾಕು. ತಂಗಮ್ಮಕ್ಕನ ಕೈಯಿಂದ ಪಾದ ಕಿತ್ತುಕೊಂಡು ನೀರಿಗೆ ಬಿದ್ದ. ಕೆಂಪು ನೀರಲ್ಲಿ ಅವನ ತಲೆ ಮಾತ್ರ ಕಾಣುತ್ತಿತ್ತು. ಒಮ್ಮೆ ಅದೂ ಕಾಣದಾಯಿತು. ತಂಗಮ್ಮಕ್ಕ ಹಂದಿಯೂ ಬೇಡ ಪಾಲೂ ಬೇಡ ಎನ್ನುತ್ತಾ ಮೊಣಕಾಲುದ್ದ ನೀರಿಗೆ ಇಳಿದಳು, ನಾನು ಅವಳ ಸೆರಗು ಹಿಡಿದುಕೊಂಡೆ. ಮತ್ತೆ ಕಂಡಾಗ ಅವನ ಬಾಯಲ್ಲಿ ಹಂದಿಯ ಬಾಲವಿತ್ತು. ಅವನು ನೀರಿಗೆ ಎದುರಾಗಿ ಈಜಲಿಲ್ಲ. ನೀರು ಕರೆದುಕೊಂಡು ಹೋದ ಕಡೆಗೇ ಹೋಗುತ್ತಾ ಸ್ವಲ್ಪ ಸ್ವಲ್ಪವೇ ದಡಕ್ಕೆ ಓರೆಯಾಗಿ ಬಂದ. ತಿರುವಿಗೆ ಇನ್ನು ಹತ್ತು ಮಾರು ಇದೆ ಅನ್ನುವಾಗ ಅವನ ಕಾಲಿಗೆ ಮರಳು ಸಿಕ್ಕಿತು. ನಾವೆಲ್ಲ ಅಲ್ಲಿಗೆ ಓಡಿದೆವು.

ಗುಂಡ ಹೊಟ್ಟೆಯ ಮಟ್ಟದ ನೀರಲ್ಲಿ ಬಾಲ ಕಚ್ಚಿಕೊಂಡು ನಿಂತಿದ್ದ. ಗಂಡಸರು ಹಂದಿಗೆ ಕೈ ಹಾಕಲು ಹೋದರೆ ಬಿಡಲಿಲ್ಲ. ನಾಣಯ್ಯ ಮಾವ ಗದರಿದರು, ನಮ್ಮವರು ಪುಸಲಾಯಿಸಿದರು, ಯಾರೋ ಕಡುಬು ತೋರಿಸಿದರು. ಅವನು ಎಲ್ಲರನ್ನೂ ಪ್ರೀತಿಯಿಂದ ನೋಡಿದ, ಬಾಯಿ ತೆರೆಯಲಿಲ್ಲ. ಕೊನೆಗೆ ಎಲ್ಲರೂ ತಂಗಮ್ಮಕ್ಕನ ಕಡೆ ತಿರುಗಿದರು.

ಅವಳು ಸೀರೆ ಹಿಂಡಿಕೊಂಡು ನಿಧಾನವಾಗಿ ಬಂದಳು. “ನಾ ಬಿಡು ಅಂದ್ರೆ ಬಿಟ್ಟದೆ” ಎಂದಳು. “ಎಲ್ಲಿ ಬಿಡೊಕು, ನಾಣಯ್ಯ ಮಾವ? ದಡಲಿಯೋ, ಹೊಳೆಲಿಯೋ?”

ಹೆಂಗಸರು ನಕ್ಕರು, ನಾನು ಎಲ್ಲರಿಗಿಂತ ಹೆಚ್ಚು ನಕ್ಕೆ. ಮಾವ ಒಮ್ಮೆ ಹಂದಿಯನ್ನೂ ಒಮ್ಮೆ ಹೊಳೆಯನ್ನೂ ನೋಡಿದರು. ಆದರೂ, ನಾಯಿ ನಮ್ಮ ಜೊತೆ ಕಾಡಿನಿಂದ ಹೊರಗೆ ಬರಲಿಲ್ಲವಲ್ಲ ಎಂದು ಮೆಲ್ಲನೆ ನಮ್ಮವರಿಗೆ ನೆನಪಿಸಿದರು. ಅದು ಸುಳ್ಳೇನಲ್ಲ. ನಮ್ಮವರು ಮತ್ತೆ ಮೀಸೆಗೆ ಕೈ ಹಾಕಿದರು. ನನಗೆ ಆ ಮೀಸೆಯನ್ನು ಕಿತ್ತುಬಿಡಬೇಕು ಅನ್ನಿಸಿತು.

“ಸತ್ಯ. ನಾಯಿ ಪಾಲಿಲ್ಲೆ” ಎಂದರು ಅವರು. ತಂಗಮ್ಮಕ್ಕನ ಮುಖ ಕೆಳಗಾಯಿತು. “ಆದರೆ ಬಾಲ ಮೊದಲು ಹಿಡಿದವಂಗೆ ಪಾಲುಟ್ಟು. ಹಿಡಿದವ ಮನುಷ್ಯನೇ ಆಗಿರೊಕುಂತ ಅಜ್ಜಂದಿರು ಹೇಳಿಲ್ಲೆ.”

ನಾಣಯ್ಯ ಮಾವ ಒಪ್ಪಿ ತಲೆಯಾಡಿಸಿದರು. ಮನುಷ್ಯನೇ ಆಗಬೇಕೆಂದು ಅವರೂ ಎಲ್ಲಿಯೂ ಕೇಳಿರಲಿಲ್ಲ. ಬಾಲದ ಪಾಲೆಂದರೆ ನಾಯಿಯ ಪಾಲಿಗಿಂತ ದೊಡ್ಡ ಮರ್ಯಾದೆ. ಊರಿನ ಎಷ್ಟೋ ಗಂಡಸರಿಗೆ ಅದು ಒಮ್ಮೆಯೂ ದಕ್ಕಿರಲಿಲ್ಲ. ತಂಗಮ್ಮಕ್ಕ ‘ಬಿಡು ಗುಂಡ’ ಎಂದಳು, ಅವನು ಬಿಟ್ಟ. ಆಮೇಲೆ ಎಲ್ಲರ ನಡುವೆ ನಿಂತು ಮೈ ಕೊಡವಿ, ಒಣಗಿದ್ದವರನ್ನೂ ಒದ್ದೆ ಮಾಡಿದ.

ಬಾಣೆಯಲ್ಲಿ ಪಾಲು ಹಾಕಿದರು. ನಮ್ಮವರು ಕೂಗತೊಡಗಿದರು. ನಮ್ಮ ಮನೆಯ ಹೆಸರಾಯಿತು. ಯಾವಾಗಲೂ ನಿಲ್ಲಿಸುವ ಆ ಒಂದು ಉಸಿರು ನಿಲ್ಲಿಸಲಿಲ್ಲ.

“ನೆಲ್ಲಿಕಟ್ಟೆ ಮನೆ. ಬಾಲ ಹಿಡಿದ ಪಾಲು.”

ಓಗೊಡುವುದು ಗಂಡಸರ ಕೆಲಸವಾಗಿತ್ತು. ಆ ಬಾಣೆಯಲ್ಲಿ ಯಾವ ಹೆಂಗಸೂ ಅದುವರೆಗೆ ಓಗೊಟ್ಟಿರಲಿಲ್ಲ. ತಂಗಮ್ಮಕ್ಕನ ಬಾಯಿಂದ ‘ಓ’ ಬಂತು, ಪಕ್ಕದಲ್ಲಿದ್ದ ನನಗೇ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ. ನಮ್ಮವರು ಕಿವಿಗೆ ಕೈ ಹಿಡಿದು, ಕೇಳಲಿಲ್ಲ ಎಂಬಂತೆ ತಲೆಯಾಡಿಸಿದರು. ಅಡುಗೆಮನೆಯಲ್ಲಿ ನಾನು ಪಾತ್ರೆಯ ಮುಚ್ಚಳ ಎತ್ತಿದರೆ ಗದ್ದೆಯಿಂದಲೇ ಕೇಳಿಸಿಕೊಂಡು ಊಟಕ್ಕೆ ಬರುವ ಮನುಷ್ಯ ಅವರು.

“ನೆಲ್ಲಿಕಟ್ಟೆ ಮನೆ” ಎಂದು ಮತ್ತೆ ಕೂಗಿದರು, ಹೊಳೆಯಾಚೆಗೂ ಕೇಳುವ ಹಾಗೆ.

“ಓ” ಎಂದಳು ತಂಗಮ್ಮಕ್ಕ. ಈ ಸಲ ಮಲಗಿದ್ದ ಗುಂಡನೂ ಎದ್ದು ನಿಂತ. ಇಬ್ಬರೂ ಜೊತೆಯಾಗಿ ಮುಂದೆ ಹೋದರು. ಅವಳು ಎರಡೂ ಕೈಯಲ್ಲಿ ಎಲೆಯ ಕಟ್ಟನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ನಾನು ಅತ್ತೆ, ನಗುತ್ತಲೇ ಅತ್ತೆ, ಮುಚ್ಚಿಡುವುದೇನಿದೆ.

ಆ ಸಂಜೆ ನಮ್ಮ ಮನೆಯವರಿಗೆ ಎರಡು ಕಡುಬು ಹೆಚ್ಚು ಬಡಿಸಿದೆ. ಕಿವಿಗೇನಾಯಿತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.