ಎರಡನೇ ನಡೆಗೇ ಹೊರಬಂದ ರಾಜ

ರಾಮನಗರ ಜಿಲ್ಲೆಯಾದ ಮರುವರ್ಷ ಮೈಸೂರಿನ ಚೆಸ್ ಪಂದ್ಯಾವಳಿಗೆ ನಾಲ್ಕು ಜನರ ತಂಡ ಕಳಿಸಬೇಕಿತ್ತು. ಮೂವರು ಆಯ್ಕೆಯಾಗಿದ್ದರು. ನಾಲ್ಕನೆಯವನು ನಾನೇ ಎಂದು ಚನ್ನಪಟ್ಟಣದ ಹಾಸ್ಟೆಲಿನಲ್ಲೆಲ್ಲ ಸಾರಿಬಿಟ್ಟಿದ್ದೆ. ಉಳಿದದ್ದು ಒಂದೇ ಆಟ. ಲೈಬ್ರರಿಯ ಪುಸ್ತಕ ನೋಡಿ ಮೊದಲ ಹದಿನಾಲ್ಕು ನಡೆಗಳನ್ನು ಬಾಯಿಪಾಠ ಮಾಡಿದ್ದೆ.

ಎದುರಿಗೆ ಬಂದು ಕೂತವರು ಅಕ್ಕೂರಿನ ವೆಂಕಟಲಕ್ಷ್ಮಮ್ಮ. ಐವತ್ತು ದಾಟಿತ್ತು. ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಬಿಡುವಾದಾಗ ಮಾವನ ಜೊತೆ ಆಡಿ ಕಲಿತವರಂತೆ.

“ಯಾರ ಮಗನಪ್ಪ ನೀನು?”

“ಕರಿಯಪ್ಪನ ಮಗ, ನಟರಾಜು.”

“ಉಂಡ್ಯಾ?”

“ಆಯ್ತು ಕಣವ್ವ. ಬಿಳಿ ನಿಮ್ದು, ಆಡಿ.”

ರಾಜನ ಮುಂದಿನ ಕಾಲಾಳನ್ನು ಒಂದು ಮನೆ ತಳ್ಳಿದರು. ನಾನು ಪುಸ್ತಕದ ಉತ್ತರ ಕೊಟ್ಟೆ. ಆಮೇಲೆ ಅವರು ರಾಜನನ್ನೇ ಎತ್ತಿ, ಕುದುರೆಯ ಹಾಗೆ ನೆಗೆಸಿ ಇಟ್ಟರು.

“ಅವ್ವ, ಅದು ರಾಜ!”

“ಗೊತ್ತು ಕಣ್ ಮಗ. ರಾಜ ಒಂದ್ಸಲ ಕುದುರೆ ಹಂಗೆ ನೆಗೀಬೋದು. ನಮ್ ಮಾವ ಹಂಗೇ ಯೋಳ್ಕೊಟ್ಟಿರೋದು.”

ತೀರ್ಪುಗಾರ ರಾಮಲಿಂಗಯ್ಯ ಮೇಷ್ಟ್ರು ಬಂದರು. “ಇಲ್ಲಿ ಆ ರೂಲ್ಸ್ ನಡಿಯಲ್ಲ ಕಣಮ್ಮ. ಆದ್ರೆ ರಾಜನ್ನ ಮುಟ್ಬುಟ್ರಿ, ಅವನ್ನೇ ನಡುಸ್ಬೇಕು.”

“ನಡುಸ್ತೀನಿ ಬುಡಿ, ಅವನಿಗೇನ್ ಕಾಲಿಲ್ವಾ?” ಎಂದು ರಾಜನನ್ನು ಒಂದು ಮನೆ ಮುಂದಿಟ್ಟರು.

ಪುಸ್ತಕದಲ್ಲಿ ಯಾರ ರಾಜನೂ ಎರಡನೇ ನಡೆಗೇ ಮನೆ ಬಿಟ್ಟಿರಲಿಲ್ಲ. ಇದು ಪೆದ್ದುತನವೋ ಬಲೆಯೋ ತಿಳಿಯಲಿಲ್ಲ. ಒಂಟೆ ಮುಟ್ಟಲು ಹೋದೆ, ಕೈ ಹಿಂದೆಳೆದೆ. ಮಂತ್ರಿಯನ್ನು ನೋಡಿದೆ. ಇಬ್ಬರಿಗೂ ಅರ್ಧರ್ಧ ಗಂಟೆ ಸಮಯ. ನಾನು ಆ ಒಂದು ನಡೆಗೇ ಇಪ್ಪತ್ತು ನಿಮಿಷ ತಿಂದೆ.

“ನಿದ್ದೆ ಬಂತೇನ್ಲಾ?” ಎಂದರು ವೆಂಕಟಲಕ್ಷ್ಮಮ್ಮ.

ಬಲೆ ಇರಲೇ ಇಲ್ಲ. ಅದು ಗೊತ್ತಾದ ಮೇಲೆ ಅವರ ಒಂದು ಆನೆಯನ್ನೂ ಹೊಡೆದೆ. ಇನ್ನು ನಾಲ್ಕೈದು ನಡೆಯಲ್ಲಿ ಮುಗಿಸುತ್ತಿದ್ದೆ. ಅಷ್ಟರಲ್ಲಿ ಮೇಷ್ಟ್ರು ನನ್ನ ಗಡಿಯಾರ ತೋರಿಸಿದರು.

“ಟೈಮ್ ಆಯ್ತು ಕಣಯ್ಯ. ಅಮ್ಮ ಗೆದ್ರು.”

“ಅಯ್ಯೋ, ಆನೆ ಹೋಗಿತ್ತಲ್ಲ ನಂದು!” ವೆಂಕಟಲಕ್ಷ್ಮಮ್ಮ ಪಕಪಕ ನಕ್ಕರು. ನನಗೆ ನಗು ಬರಲಿಲ್ಲ. ಮೈಸೂರಿನ ಆಟ ಯಾವತ್ತು ಎಂದು ಅವರು ಮೇಷ್ಟ್ರನ್ನು ಕೇಳಿದರು. ಶನಿವಾರ ಎಂದು ತಿಳಿದದ್ದೇ ಮುಖ ಸಣ್ಣದಾಯಿತು.

“ಶನಿವಾರ ಹುಳ ಹಣ್ಣಾಯ್ತವೆ. ಆರಿಸಿ, ಗೂಡು ಕಟ್ಟೋ ಚಂದ್ರಿಕೆ ತಟ್ಟೆಗೆ ಬುಡೋಕೆ ಜನ ಇಲ್ಲ.”

ಆ ಜಾಗ ನನಗೇ ಸಿಗುತ್ತದೆ ಎಂದುಕೊಂಡು ನೆಟ್ಟಗೆ ಕೂತೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಹೆಂಗೂ ಸೋತಿದ್ದೀಯ, ಖಾಲಿ ಇರ್ತೀಯಲ್ಲ ಮಗ? ಹುಳ ಆರ್ಸೋಕೆ ಬೆಳಗ್ಗೆ ಆರಕ್ಕೇ ಬಂದ್ಬುಡು. ಬಾಡೂಟ ಮಾಡಿಟ್ಟು ಹೋಯ್ತೀನಿ.”

ಹೂಂ ಎಂದೆ. ಹಾಸ್ಟೆಲಿನಲ್ಲಿ ಶನಿವಾರ ಉಪ್ಪಿಟ್ಟು.