ಅರ್ಧ ಮನೆ ಕೆಳಗೆ

ಥಿಯೋಡೋರ್ ಕೀಬೋರ್ಡಿನ ಮೇಲೆ ಎರಡೂ ಕೈ ಇಳಿಸಿದ ಕೂಡಲೇ ಸಹನಾ ಹಲ್ಲು ಕಚ್ಚಿದಳು. ಸ್ಪೀಕರಿನಲ್ಲಿ ಸೆಲೆಸ್ಟಿನ್ ಹಾಡುತ್ತಿದ್ದರು. ಕೀಬೋರ್ಡು ಅವರಿಗೆ ತೀರ ಹತ್ತಿರದಲ್ಲಿ, ಆದರೆ ಬೇರೆಯೇ ದಾರಿಯಲ್ಲಿ ಹೋಗುತ್ತಿತ್ತು. ಕಿವಿಯೊಳಗೆ ಮರಳು ಬಿದ್ದಂತಾಯಿತು.

ಥಿಯೋಡೋರ್ ಕೈ ತೆಗೆದರು. "ಎಂತ ಮಾರಾಯ ಇದು? ಒಸ್ವಾಲ್ಡ್, ನಿನ್ನ ಫೋನಿನ ಬ್ಯಾಟರಿ ಇಳಿದಿದೆಯಾ? ಹಾಡು ಕೆಳಗೆ ಹೋಗಿದೆ."

"ನೂರು ಪರ್ಸೆಂಟ್ ಉಂಟು," ಎಂದರು ಒಸ್ವಾಲ್ಡ್.

ಒಸ್ವಾಲ್ಡ್ ಹೆಂಡತಿ ಸೆಲೆಸ್ಟಿನ್ ತೀರಿಕೊಂಡು ಮೂರು ದಿನವಾಗಿತ್ತು. ಬೆಳಿಗ್ಗೆ ಆಸ್ಪತ್ರೆಯ ಶವಾಗಾರದಲ್ಲಿ ಮುಖ ನೋಡಿ ಆಗಿತ್ತು. ಪೆಟ್ಟಿಗೆ ಅಲ್ಲಿಂದಲೇ ವಿಮಾನ ನಿಲ್ದಾಣಕ್ಕೆ ಹೋಗಿತ್ತು. ಏಳು ಗಂಟೆಯ ವಿಮಾನದಲ್ಲಿ ಒಸ್ವಾಲ್ಡ್ ಅವರನ್ನು ಮಂಗಳೂರಿಗೆ ಕರೆದೊಯ್ಯುವವರು. ಅದಕ್ಕೂ ಮೊದಲು, ನಾಲ್ಕಕ್ಕೆ, ದೋಹಾದ ಚರ್ಚಿನಲ್ಲಿ ಸೆಲೆಸ್ಟಿನ್‌ಗಾಗಿ ಪೂಜೆ. ಪೀಠದ ಮುಂದೆ ಫೋಟೋ ಇತ್ತು. ಪೂಜೆಯ ಕೊನೆಗೆ ಸೆಲೆಸ್ಟಿನ್ ಅವರೇ ಹಾಡಬೇಕೆಂಬುದು ಒಸ್ವಾಲ್ಡ್ ಆಸೆ. ಒಂಬತ್ತು ವರ್ಷದ ಹಿಂದೆ ಇಲ್ಲಿಯ ಒಂದು ಸಂಗೀತ ಕಛೇರಿಯಲ್ಲಿ ಆಕೆ ಹಾಡಿದ ಲ್ಯಾಟಿನ್ ಹಾಡು ಒಸ್ವಾಲ್ಡ್ ಫೋನಿನಲ್ಲಿತ್ತು. ಸ್ಪೀಕರ್ ಸಣ್ಣದಾದ್ದರಿಂದ ಹಿಂದಿನಿಂದ ಸ್ವಲ್ಪ ತುಂಬಿಸುತ್ತೇನೆಂದು ಥಿಯೋಡೋರ್ ಹೊರಟಿದ್ದರು. ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಒಸ್ವಾಲ್ಡ್ ಜೊತೆ ಒಂದೇ ಶಿಫ್ಟಿನಲ್ಲಿ ದುಡಿದ ಅವರು ಈ ಚರ್ಚಿನ ಕೀಬೋರ್ಡ್ ವಾದಕರೂ ಹೌದು.

ಸಹನಾ ಬಗ್ಗಿ ಕೀಬೋರ್ಡಿನ ಬಲತುದಿ ನೋಡಿದಳು. ಅಂಟಿನ ಒಂದು ಚೌಕ ಗುರುತು ಮಾತ್ರ ಉಳಿದಿತ್ತು.

"ಥಿಯೋಡೋರ್ ಅಂಕಲ್, ಇಲ್ಲೊಂದು ಟೇಪ್ ಇತ್ತಲ್ವಾ?"

"ಆ ಕೊಳಕು ಟೇಪಾ? ನಿನ್ನೆ ಎಲ್ಲ ಒರೆಸಿ ಕಿತ್ತು ಬಿಸಾಡಿದೆ. ಅಡಿಯಲ್ಲಿ ಬಟನ್ ಒತ್ತಿಹೋಗಿತ್ತು, ಅದನ್ನೂ ಸರಿ ಮಾಡಿದೆ. ಇವತ್ತಾದರೂ ಎಲ್ಲ ಸಮ ಇರಲಿ ಅಂತ."

"ಅದು ಸರಿಯಾಗೇ ಇತ್ತು ಅಂಕಲ್. ಸೆಲೆಸ್ಟಿನ್ ಮಿಸ್ ಬೇಕಂತಲೇ ಶ್ರುತಿ ಅರ್ಧ ಮನೆ, ಅಂದ್ರೆ ಒಂದು ಕೀಯಷ್ಟು, ಇಳಿಸಿ, ಯಾರೂ ಮುಟ್ಟದಿರಲಿ ಅಂತ ಟೇಪ್ ಹಾಕಿದ್ರು. ಅವರು ಹಾಡೋ ಹಾಡುಗಳ ಕಾಲದಲ್ಲಿ ವಾದ್ಯಗಳೆಲ್ಲ ಅಷ್ಟು ಕೆಳಗೆ ಇರ್ತಿದ್ವಂತೆ."

ಥಿಯೋಡೋರ್ ಕನ್ನಡಕ ತೆಗೆದರು. "ಯಾವಾಗ ಹಾಕಿದ್ದು?"

"ಈ ಹಾಡು ಹಾಡಿದ ವರ್ಷವೇ ಅಂತೆ."

"ಹಾಗಾದರೆ ಒಂಬತ್ತು ವರ್ಷ ಇಡೀ ಚರ್ಚು ಅರ್ಧ ಮನೆ ಕೆಳಗೆ ಹಾಡಿದ್ದಾ?"

"ಹೂಂ."

"ಅದಕ್ಕೇ ಕ್ರಿಸ್ಮಸ್ಸಿಗೆ ಗಂಡಸರ ಗಂಟಲು ಕಟ್ಟದೆ ಇದ್ದದ್ದು. ನಾನು ನನ್ನ ಟ್ರೈನಿಂಗ್ ಅಂತ ಗ್ರಹಿಸಿದ್ದೆ."

ಒಸ್ವಾಲ್ಡ್ ನಕ್ಕರು. ಮೂರು ದಿನದಲ್ಲಿ ಮೊದಲ ನಗೆ. ಅದು ಅರ್ಧದಲ್ಲೇ ನಿಂತಿತು. "ನನಗೂ ಹೇಳಲಿಲ್ಲ ನೋಡು," ಎಂದು ಫೋನನ್ನು ಅಂಗಿಯ ಜೇಬಿಗೆ ಇಳಿಸಿದರು.

ಸಹನಾ ತನ್ನ ಚೀಲದ ಬಾಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಅವರಿಗೆ ಹೇಳದ ಇನ್ನೊಂದು ಸಂಗತಿ ಅದರೊಳಗಿತ್ತು.

*

ಎಂಟು ವರ್ಷದ ಹಿಂದೆ ದೋಹಾದ ಮುಂತಜಾ ಬಡಾವಣೆಯ ಹಳೆಯ ಕಟ್ಟಡದ ಮೂರನೇ ಮಹಡಿಗೆ ಸಹನಾ ಹಾಡು ಕಲಿಯಲು ಮೊದಲ ಸಲ ಹೋದಾಗ ಸೆಲೆಸ್ಟಿನ್ ಬೀನ್ಸ್ ಹೆಚ್ಚುತ್ತಿದ್ದರು. ಸಹನಾ ಮೈಸೂರಿನವಳು. ಇಲ್ಲಿ ಒಂದು ಕಚೇರಿಯಲ್ಲಿ ಕೆಲಸ. ಹದಿನಾಲ್ಕರ ವಯಸ್ಸಿನವರೆಗೆ ಕರ್ನಾಟಕ ಸಂಗೀತ ಕಲಿತು ಬಿಟ್ಟಿದ್ದಳು.

"ನಿನ್ನ ಶ್ರುತಿ ಎಷ್ಟು?"

"ಐದೂವರೆ ಮನೆ, ಮಿಸ್."

"ನಿಮ್ಮಲ್ಲಿ ಹಾಡುವವರಿಗೆ ತಕ್ಕ ಶ್ರುತಿ. ನಮ್ಮಲ್ಲಿ ಊರಿಗೆಲ್ಲ ಒಂದೇ, ಗಂಟಲು ಅದಕ್ಕೆ ಹೊಂದಬೇಕು. ನನ್ನ ಕಾಲದ್ದು ಈಗಿನದಕ್ಕಿಂತ ಅರ್ಧ ಮನೆ ಕೆಳಗೆ." ಅವರ ಕಾಲವೆಂದರೆ ಮುನ್ನೂರು ವರ್ಷದ ಹಿಂದಿನದು.

ಮಂಗಳೂರಿನ ಕಾನ್ವೆಂಟಿನಲ್ಲಿ ಹಾಡಲು ಕಲಿತ ಸೆಲೆಸ್ಟಿನ್ ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಗಂಡನನ್ನು ದೋಹಾದಲ್ಲಿ ಬಿಟ್ಟು ಎರಡು ವರ್ಷ ನೆದರ್‌ಲ್ಯಾಂಡ್ಸಿನಲ್ಲಿ ಓದಿದ್ದರು. ಅಲ್ಲಿ ಒಂದು ದೊಡ್ಡ ಒಪೆರಾ ಮಂದಿರದವರು ಅವರನ್ನು ಪರೀಕ್ಷಿಸಿ, ದನಿ ಚಿಕ್ಕದು ಎಂದಿದ್ದರಂತೆ.

"ದನಿ ಸರಿಯಾಗಿಯೇ ಉಂಟು, ನಿಮ್ಮ ಹಾಲ್ ದೊಡ್ಡದಾಯಿತು ಅಂತ ಹೇಳಿ ಬಂದೆ," ಎಂದು ಬೀನ್ಸಿನ ನಾರು ಎಳೆದರು.

ಆಮೇಲೆ ಅವರು ದೊಡ್ಡ ಹಾಲಿನ ಬಾಗಿಲು ತಟ್ಟಲಿಲ್ಲ. ಇನ್ನೂರು ಜನ ಕೂರುವ ಕೋಣೆ ಸಿಕ್ಕಿದರೆ ಬಿಡಲೂ ಇಲ್ಲ. ಹನ್ನೆರಡು ಬೇಸಿಗೆ ನೆದರ್‌ಲ್ಯಾಂಡ್ಸಿನ ಸಣ್ಣ ಸಣ್ಣ ಚರ್ಚುಗಳಲ್ಲಿ ಹಾಡಿದರು. ಉಳಿದ ತಿಂಗಳು ದೋಹಾದ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದರು. ಒಸ್ವಾಲ್ಡ್ ಅಲ್ಲಿಗೆ ಒಮ್ಮೆಯೂ ಹೋಗಲಿಲ್ಲ. ಪ್ರತಿ ಬೇಸಿಗೆಯೂ ಶಿಫ್ಟ್ ಅಡ್ಡ ಬರುತ್ತಿತ್ತು.

ಆ ಹಾಡುಗಳ ಕ್ರಮವೇ ಒಂದು. ಮೊದಲ ಭಾಗ, ಎರಡನೇ ಭಾಗ, ಆಮೇಲೆ ಮತ್ತೆ ಮೊದಲನೆಯದು. ಮರಳಿ ಬಂದಾಗ ಹಾಡುವವರು ತಮ್ಮದೇ ಅಲಂಕಾರ ಸೇರಿಸಬೇಕು. ಅದನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. "ಎರಡನೇ ಸಲವೂ ಹಾಗೇ ಹಾಡಿದರೆ ಅದು ಹಾಡಲ್ಲ, ಹಾಜರಿ," ಎನ್ನುತ್ತಿದ್ದರು. ಮರಳುವ ಮುನ್ನ ಒಂದು ಸಣ್ಣ ಮೌನ. ಅದನ್ನು ಅವರು ಬರೆದದ್ದಕ್ಕಿಂತ ಉದ್ದ ಹಿಡಿಯುತ್ತಿದ್ದರು. "ಅಲ್ಲಿ ಓಡಬೇಡ. ಮುಗೀತಾ ಅಂತ ಜನರಿಗೆ ಅನುಮಾನ ಬರಬೇಕು."

*

ಮೂರು ಗಂಟೆಗೆ ಶಾಹಿನಾ ಫೋನ್ ಮಾಡಿದರು. ಸೆಲೆಸ್ಟಿನ್ ಮನೆಯ ಕೆಳಗಿನ ಮನೆಯವರು, ಉಳ್ಳಾಲದ ಕಡೆಯವರು. ಸಹನಾ ಹೋಗಿ ಗೇಟಿನಾಚೆ ನಿಂತ ಕಾರಿನ ಕಿಟಕಿಯಿಂದ ಚಹಾದ ಫ್ಲಾಸ್ಕ್ ತೆಗೆದುಕೊಂಡಳು.

"ಒಸ್ವಾಲ್ಡ್ ಎಂತಾದ್ರೂ ತಿಂದ್ರಾ?"

"ಇಲ್ಲ ಶಾಹಿನಾ ಆಂಟಿ."

"ಇದನ್ನಾದ್ರೂ ಕುಡಿಸು. ಸಕ್ಕರೆ ಜಾಸ್ತಿ ಹಾಕಿದ್ದೇನೆ." ಶಾಹಿನಾ ಸ್ಟೇರಿಂಗ್ ಮೇಲೆ ಕೈಯಿಟ್ಟರು. "ಸಂಜೆ ನಾಲ್ಕಕ್ಕೆ ಮೇಲಿಂದ ಸೆಲೆಸ್ಟಿನ್ ರಾಗ ಶುರುವಾದ್ರೆ ನಮ್ಮಲ್ಲಿ ಮಕ್ಕಳನ್ನು ಟ್ಯೂಷನ್ನಿಗೆ ಎಬ್ಬಿಸುವುದು. ಗಡಿಯಾರ ನೋಡಿದವರೇ ಇಲ್ಲ. ಕಾಯಿಲೆ ಆದ ಮೇಲೂ ಬಿಡಲಿಲ್ಲ. ಇನ್ನು ನಾಲ್ಕು ಗಂಟೆಗೆ ಯಾರು?"

ಉತ್ತರ ಬೇಕೆಂದು ಕೇಳಿದ ಪ್ರಶ್ನೆಯಲ್ಲ ಅದು. ಆದರೂ ಸಹನಾ ಫ್ಲಾಸ್ಕ್ ಹಿಡಿದು ಹಿಂದಿರುಗುವಾಗ ದಾರಿಯುದ್ದಕ್ಕೂ ಅದಕ್ಕೇ ಉತ್ತರ ಹುಡುಕುತ್ತಿದ್ದಳು.

*

ಮಾರ್ಚಿನಲ್ಲಿ ಸೆಲೆಸ್ಟಿನ್ ದಿಂಬಿಗೆ ಒರಗಿ ಅದೇ ಲ್ಯಾಟಿನ್ ಹಾಡಿನ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಶಾಲೆಯ ಮಕ್ಕಳ ರಬ್ಬರಿನಿಂದ ಏನೋ ಅಳಿಸುತ್ತಿದ್ದರು. ಹೊದಿಕೆಯ ಮೇಲೆಲ್ಲ ಕಪ್ಪು ಹುಡಿ.

"ನನ್ನ ಪೂಜೆಗೆ ಇದನ್ನು ನೀನು ಹಾಡಬೇಕು."

"ನಿಮ್ಮ ಥರ ಬರಲ್ಲ ಮಿಸ್."

"ನನ್ನ ಹಾಗೆ ಬಂದರೆ ಎದ್ದು ಬಂದು ಬಯ್ಯುತ್ತೇನೆ." ಹುಡಿಯನ್ನು ಊದಿ ಪುಸ್ತಕ ಕೊಟ್ಟರು. "ಒಸ್ವಾಲ್ಡಿಗೆ ನೀನೇ ಹೇಳು. ನಾನು ಹೇಳಿದರೆ ಸಾಯುವ ಮಾತು ಅಂತ ಎದ್ದು ಹೋಗುತ್ತಾನೆ."

ಸಹನಾ ಒಪ್ಪಿಕೊಂಡಿದ್ದಳು. ಹೇಳಲು ಒಂದು ದಿನವೂ ಬಾಯಿ ಬಂದಿರಲಿಲ್ಲ.

*

ಒಸ್ವಾಲ್ಡ್ ಚಹಾ ಬಗ್ಗಿಸಿಕೊಂಡು ಕುಡಿಯದೆ ಕೂತಿದ್ದರು. ಸಹನಾ ಪುಸ್ತಕ ತೆರೆದು ಅವರ ಮುಂದಿಟ್ಟಳು. ಮೊದಲ ಪುಟಗಳಲ್ಲಿ ಉಸಿರು ತೆಗೆಯುವ ಜಾಗಕ್ಕೆಲ್ಲ ಪೆನ್ಸಿಲಿನ ಸಣ್ಣ ಗೆರೆಗಳಿದ್ದವು. ಕೊನೆಯ ಎರಡು ಪುಟಗಳಲ್ಲಿ ಕಾಗದ ಸವೆದು ತೆಳ್ಳಗಾಗಿತ್ತು, ಏನೂ ಇರಲಿಲ್ಲ.

"ಅಳಿಸಿದ್ದು ಯಾರು?"

"ಅವರೇ. ಮರಳಿ ಬರೋ ಭಾಗ ಇದು. ತಮ್ಮ ಅಲಂಕಾರ ಎಲ್ಲ ಅಳಿಸಿ ನನಗೆ ಕೊಟ್ರು. ಇವತ್ತು ನಾನು ಹಾಡಬೇಕು ಅಂದ್ರು. ನಿಮಗೆ ಹೇಳಬೇಕಿತ್ತು ಅಂಕಲ್, ಆಗಲಿಲ್ಲ."

ಒಸ್ವಾಲ್ಡ್ ಖಾಲಿ ಪುಟದ ಮೇಲೆ ಬೆರಳಾಡಿಸಿದರು. "ಇದೊಂದೇ ಉಂಟು ನನ್ನ ಹತ್ತಿರ, ಸಹನಾ. ಮೂವತ್ತು ವರ್ಷದಲ್ಲಿ ಇದೊಂದೇ ರೆಕಾರ್ಡು. ಅವಳು ಹಾಡುವಾಗೆಲ್ಲ ನಾನು ಪ್ಲಾಂಟಿನಲ್ಲಿ. ಇವತ್ತು ಪೂರ್ತಿ ಕೇಳುವ ಅಂತ ಇದ್ದೆ, ಎಲ್ಲರ ಎದುರಿಗೆ."

ಸಹನಾ ತಲೆಯಾಡಿಸಿದಳು. ಅವರು ಹೇಳಿದ್ದೂ ಸರಿ, ತಾನು ಕೊಟ್ಟ ಮಾತೂ ಸರಿ. ಜನ ಬರತೊಡಗಿದ್ದರು. ಒಸ್ವಾಲ್ಡ್ ಎದ್ದು ಅಂಗಿ ಸರಿಪಡಿಸಿಕೊಂಡರು.

"ನೀನು ಅಲ್ಲೇ ಕೀಬೋರ್ಡಿನ ಹತ್ತಿರ ನಿಲ್ಲು," ಎಂದಷ್ಟೇ ಹೇಳಿ ಹೋದರು.

ಥಿಯೋಡೋರ್ ಬಟನ್ ಒತ್ತಿ ಶ್ರುತಿ ಇಳಿಸಿ, ಜೇಬಿನಿಂದ ಗಾಯಕ್ಕೆ ಹಾಕುವ ಬ್ಯಾಂಡೇಜ್ ತೆಗೆದು ಮೇಲೆ ಅಂಟಿಸಿದರು. "ಇನ್ನು ಇದನ್ನು ನಾನೂ ಮುಟ್ಟುವುದಿಲ್ಲ."

*

ಪೂಜೆಯ ಕೊನೆಗೆ ಒಸ್ವಾಲ್ಡ್ ಸ್ಪೀಕರಿನ ಪಕ್ಕ ನಿಂತು ಫೋನ್ ಮುಟ್ಟಿದರು.

ಚರ್ಚು ತುಂಬಿತ್ತು. ಸೆಲೆಸ್ಟಿನ್ ದನಿ ಯಾರನ್ನೂ ಕೂಗಿ ಕರೆಯಲಿಲ್ಲ. ಜನರೇ ಅದರ ಕಡೆ ಬಾಗಿದರು. ಥಿಯೋಡೋರ್ ಬೆರಳುಗಳು ಈಗ ಅದರ ಜೊತೆಗೇ ನಡೆದವು. ಮೊದಲ ಭಾಗ ಮುಗಿಯಿತು. ಎರಡನೆಯದು ಬಂತು, ಸ್ವಲ್ಪ ಕತ್ತಲೆಯ ಬಣ್ಣದ್ದು. ಅದೂ ಮುಗಿಯಿತು.

ಮೌನ.

ಆ ಮೌನದ ಉದ್ದ ಸಹನಾಗೆ ಚೆನ್ನಾಗಿ ಗೊತ್ತಿತ್ತು. ಎಂಟು ವರ್ಷ ಅದನ್ನು ಎಣಿಸಿದ್ದಳು. ಈಗ ಉಸಿರು ಕೇಳಿಸಬೇಕು, ಸೆಲೆಸ್ಟಿನ್ ಮೂಗಿನಿಂದ ತೆಗೆಯುವ ಚಿಕ್ಕ ಉಸಿರು. ಕೇಳಿಸಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಮುಗಿಯಿತೆಂದು ಏಳಹೊರಟು ಮತ್ತೆ ಕೂತರು. ಅವಳು ಒಸ್ವಾಲ್ಡ್ ಕಡೆ ತಿರುಗಿದಳು. ಅವರ ಹೆಬ್ಬೆರಳು ಫೋನಿನ ಮೇಲಿತ್ತು. ಅವರು ಅವಳನ್ನು ನೋಡಲಿಲ್ಲ.

ಸಹನಾ ಉಸಿರು ತೆಗೆದಳು.

ಮೊದಲ ಸಾಲನ್ನು ಅವಳು ಏನೂ ಸೇರಿಸದೆ ಹಾಡಿದಳು. ಎರಡನೆಯದರಲ್ಲಿ, ಸೆಲೆಸ್ಟಿನ್ ಯಾವಾಗಲೂ ಮೇಲೇರುತ್ತಿದ್ದ ಜಾಗದಲ್ಲಿ, ಅವಳ ದನಿ ಕೆಳಗೆ ಜಾರಿ, ಹದಿನಾಲ್ಕರಲ್ಲಿ ಬಿಟ್ಟುಬಂದ ಒಂದು ತಿರುವನ್ನು ಹಿಡಿದು, ಅಲ್ಲಿಂದ ನಿಧಾನ ಮೇಲೆ ಬಂತು. ಥಿಯೋಡೋರ್ ತಲೆಯೆತ್ತಿ ನೋಡಿದರು, ಕೈ ಬಿಡಲಿಲ್ಲ. ಅವಳಿಗೆ ಹೆದರಿಕೆ ಇರಲಿಲ್ಲ. ಇನ್ನೂರಕ್ಕಿಂತ ಹೆಚ್ಚು ಜನರಿದ್ದರು, ಕೊನೆಯ ಬೆಂಚಿನವರೆಗೂ ದನಿ ಸಾಕಾಯಿತು.

ಒಸ್ವಾಲ್ಡ್ ತಲೆ ತಗ್ಗಿಸಿ ನಿಂತಿದ್ದರು. ಅಂಗೈಯಲ್ಲಿ ಫೋನು, ಅದರಲ್ಲಿ ನಾಲ್ಕು ನಿಮಿಷ ಹನ್ನೆರಡು ಸೆಕೆಂಡಿಗೆ ಅವರೇ ನಿಲ್ಲಿಸಿದ ಹಾಡಿನ ಗೆರೆ. ಪರದೆಯ ಬೆಳಕು ಮಂಕಾಗುತ್ತ ಬಂದಾಗಲೆಲ್ಲ ಅವರು ಹೆಬ್ಬೆರಳಿನಿಂದ ಅದರ ಅಂಚನ್ನು ಮೆಲ್ಲನೆ ಮುಟ್ಟುತ್ತಿದ್ದರು. ಹಾಡು ಮುಂದೆ ಹೋಗದಂತೆ, ಬೆಳಕೂ ಆರದಂತೆ.