ಹೆಸರಿಲ್ಲದ ಆರು ಮಾತ್ರೆ

ನಮ್ಮ ಔಷಧಿ ಅಂಗಡಿಯ ಗೋಡೆಯಲ್ಲಿ ಚೌಕಟ್ಟು ಹಾಕಿಸಿ ತೂಗುಹಾಕಿರುವ ಪ್ರಮಾಣಪತ್ರದಲ್ಲಿ ಇರುವುದು ನನ್ನ ಅಕ್ಕನ ಮಗಳ ಹೆಸರು. ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ನಿಂತವಳು ನಾನು. ಫಾರ್ಮಸಿ ಓದಿ ಪಾಸಾಗಿ ಬಂದವಳು ಅವಳು, ಬಂದು ಮೂರು ತಿಂಗಳು.

ಬಂದ ವಾರವೇ ಒಂದು ಕಟ್ಟಳೆ ಮಾಡಿದಳು. ಮಾತ್ರೆಯ ಸ್ಟ್ರಿಪ್ ಕತ್ತರಿಸಿದರೆ ಹೆಸರಿರುವ ತುದಿ ನಮ್ಮಲ್ಲೇ ಉಳಿಯಬೇಕು, ಉಳಿದ ತುಂಡನ್ನು ಓದದೆ ಡಬ್ಬಿಗೆ ಹಾಕಬಾರದು. ಕಣ್ಣು ಕಟ್ಟಿದರೂ ಯಾವ ಮಾತ್ರೆ ಅಂತ ಹೇಳುತ್ತೇನೆ ಎಂದು ನಾನು ನಕ್ಕಿದ್ದೆ.

“ಕಣ್ಣು ಕಟ್ಕೊಂಡು ಕೊಡೋಕೆ ಇವೇನು ಅಂಗಿ ಗುಂಡಿನಾ ಚಿಕ್ಕಮ್ಮ?” ಎಂದಿದ್ದಳು.

ಆ ದಿನ ಅಂಗಡಿ ತೆರೆಯುತ್ತಲೇ ಗಿರಾಕಿಗಳು ಮುಗಿಬಿದ್ದರು. ಕೌಂಟರಿನ ಮೇಲೆ ಕತ್ತರಿಸಿದ ಸ್ಟ್ರಿಪ್‌ಗಳ ಎರಡು ತುಂಡು ಉಳಿದಿದ್ದವು. ಬಣ್ಣ ನೋಡಿ ಒಂದನ್ನು ಬಿಪಿ ಡಬ್ಬಿಗೆ, ಇನ್ನೊಂದನ್ನು ಶುಗರ್ ಡಬ್ಬಿಗೆ ತಳ್ಳಿದೆ. ಸ್ವಲ್ಪ ಹೊತ್ತಿಗೆ ಹಿಂದಿನ ಬೀದಿಯ ದರ್ಜಿ ಬಂದ. ಬಿಪಿ ಮಾತ್ರೆ ಮುಗಿದಿದೆ, ಆರು ಸಾಕು ಎಂದ. ಬಿಪಿ ಡಬ್ಬಿಯಲ್ಲಿದ್ದ ಆರು ಮಾತ್ರೆಯ ತುಂಡನ್ನು ಎತ್ತಿ ಕೊಟ್ಟೆ. ನನ್ನ ಬಾಟಲಿಯ ನೀರಿನಲ್ಲೇ ಒಂದನ್ನು ನುಂಗಿ, ಹೊಲಿಗೆ ಅರ್ಜೆಂಟಿದೆ, ತಿಂಡಿ ಆಮೇಲೆ ಎಂದು ನಗುತ್ತಾ ಹೋದ.

ಹನ್ನೊಂದರ ಹೊತ್ತಿಗೆ ಅಕ್ಕನ ಮಗಳು ಶುಗರ್ ಮಾತ್ರೆಯ ಡಬ್ಬಿಗೆ ಕೈ ಹಾಕಿದಳು. ಸಿಕ್ಕ ತುಂಡನ್ನು ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಅರ್ಧ ಹೆಸರು ಉಳಿದಿತ್ತು.

“ಇದು ಬಿಪಿದು. ಹಾಗಾದ್ರೆ ಬಿಪಿ ಡಬ್ಬೀಲಿದ್ದ ತುಂಡು ಯಾರಿಗೆ ಕೊಟ್ರಿ?”

ದರ್ಜಿಗೆ ನಾನು ಕೊಟ್ಟದ್ದು ಶುಗರ್ ಮಾತ್ರೆ. ಅವನಿಗೆ ಶುಗರ್ ಕಾಯಿಲೆ ಇಲ್ಲ, ಹೊಟ್ಟೆಯಲ್ಲಿ ಅನ್ನವೂ ಇಲ್ಲ. ಫೋನ್ ಮಾಡಿದೆವು, ಎತ್ತಲಿಲ್ಲ. ಮತ್ತೆ ಮಾಡಿದೆವು. ಭಯ ಮನುಷ್ಯನ ಬಾಯಲ್ಲಿ ಏನೇನೋ ಆಡಿಸುತ್ತದೆ.

“ಒಂದೇ ಮಾತ್ರೆ ತಾನೆ ಪುಟ್ಟಿ. ಊಟ ಮಾಡಿದ್ರೆ ಸರಿಹೋಗುತ್ತೆ. ಗೋಡೆ ಮೇಲಿರೋದು ನಿನ್ನ ಹೆಸರು, ಹೊರಗೆ ಗೊತ್ತಾದ್ರೆ ನಿನಗೇ ತೊಂದರೆ” ಎಂದೆ.

“ಅದಕ್ಕೇ ಹೊರಟಿದ್ದೀನಿ” ಎಂದು ಗ್ಲೂಕೋಸ್ ಪೊಟ್ಟಣ, ಶುಗರ್ ನೋಡುವ ಯಂತ್ರ ಎತ್ತಿಕೊಂಡಳು. ಶಟರ್ ಎಳೆದು ನಾನೂ ಓಡಿದೆ. ನನಗೆ ಓಟ ಬಾರದು, ಆದರೂ ಓಡಿದೆ.

ಅವನ ಅಂಗಡಿಯಲ್ಲಿ ಹೊಲಿಗೆ ಮೆಷಿನ್ ಸದ್ದಿರಲಿಲ್ಲ. ಒಳಗೆ ದರ್ಜಿ ಸೂಜಿಗೆ ದಾರ ಪೋಣಿಸುತ್ತಾ ಕೂತಿದ್ದ. ದಾರ ಸೂಜಿಯ ಪಕ್ಕದಲ್ಲೇ ಹಾಯುತ್ತಿತ್ತು, ಮತ್ತೆ ಮತ್ತೆ. ಅಂಗಿ ಬೆವರಿನಲ್ಲಿ ನೆಂದಿತ್ತು. ಫೋನ್ ಬಟ್ಟೆ ರಾಶಿಯಡಿ ಮಿನುಗುತ್ತಿತ್ತು. ನನ್ನನ್ನು ನೋಡಿ, ನಾನು ಯಾರೆಂದೇ ತಿಳಿಯದವನಂತೆ ನಕ್ಕ. ಆ ನಗೆಯನ್ನು ನಾನು ಇವತ್ತಿಗೂ ಮರೆತಿಲ್ಲ.

ಅವಳು ಅವನ ಬೆರಳು ಚುಚ್ಚಿ ಶುಗರ್ ನೋಡಿದಳು, ತೀರಾ ಇಳಿದಿತ್ತು. ಗ್ಲೂಕೋಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಹತ್ತು ನಿಮಿಷಕ್ಕೆ ಅವನ ಕಣ್ಣು ತಿಳಿಯಾಯಿತು. ನನ್ನ ಗುರುತು ಹಿಡಿದು ‘ಅಕ್ಕಾ’ ಎಂದ. ಬದುಕಿಕೊಂಡೆವು ಎಂದು ನಾನು ನೆಲಕ್ಕೇ ಕೂತೆ.

“ಏಳಿ ಚಿಕ್ಕಮ್ಮ. ಈ ಮಾತ್ರೆ ಇಡೀ ದಿನ ಕೆಲಸ ಮಾಡುತ್ತೆ. ಶುಗರ್ ಮತ್ತೆ ಇಳಿಯುತ್ತೆ. ಆಸ್ಪತ್ರೆಗೆ ಹೋಗ್ಬೇಕು.”

ಇದು ನನಗೆ ತಿಳಿದಿರಲಿಲ್ಲ. ಬರೀ ನನ್ನ ಅನುಭವವನ್ನು ನಂಬಿದ್ದರೆ ಅವನಿಗೆ ನೀರು ಕುಡಿಸಿ ಮನೆಗೆ ಬಂದುಬಿಡುತ್ತಿದ್ದೆ.

ಆಸ್ಪತ್ರೆಯಲ್ಲಿ ಎರಡು ಸಲ ಇಳಿಯಿತು. ಪ್ರತಿ ಸಲವೂ ನರ್ಸ್ ಓಡುವಾಗ ನಾನು ಬೆಂಚಿನ ಅಂಚನ್ನು ಹಿಡಿದುಕೊಂಡಿದ್ದೆ. ಸಂಜೆಗೆ ಡಾಕ್ಟರು ಹೊರಬಂದರು. ಒಂದು ರಾತ್ರಿ ಇರಲಿ, ಅಪಾಯ ದಾಟಿದೆ ಎಂದರು. ದರ್ಜಿಯ ಜೇಬಿನಲ್ಲಿ ಸಿಕ್ಕ, ಹೆಸರಿಲ್ಲದ ಆ ತುಂಡಿನಲ್ಲಿ ಐದು ಮಾತ್ರೆ ಉಳಿದಿದ್ದವು. ಅದನ್ನು ಎತ್ತಿ ಹಿಡಿದು ಕೇಳಿದರು, ಯಾರು ಕೊಟ್ಟದ್ದು?

ಪುಟ್ಟಿ ಎದ್ದು ನಿಂತಳು. ಅಂಗಡಿಯ ಜವಾಬ್ದಾರಿ ತನ್ನದು ಎಂದಳು. ಅವಳ ದನಿ ನಡುಗುತ್ತಿತ್ತು. ಬೆಳಗಿನಿಂದ ಅವಳಿಗೂ ಹೆದರಿಕೆ ಇತ್ತೆಂದು ನನಗೆ ಗೊತ್ತಾದದ್ದು ಆಗಲೇ.

ನಾನು ಅವಳ ಭುಜ ಹಿಡಿದು ಕೂರಿಸಿದೆ.

“ಕೊಟ್ಟಿದ್ದು ನಾನು ಡಾಕ್ಟ್ರೇ” ಎಂದೆ. “ಓದದೆ ಕೊಟ್ಟೆ. ಹಾಗೇ ಬರ್ಕೊಳ್ಳಿ.”